ಅಡಿಕೆ ಮರ ನೆಟ್ಟು ಒಪ್ಪಿಸಿದೆ: ಆಶ್ರಯ ಮನೆಗಳ ಅಹವಾಲು ಸಭೆ, ನನ್ನ ಅನುಭವ

ಶಿವಮೊಗ್ಗದಲ್ಲಿ ಜಿ ಪ್ಲಸ್ 2 (ನೆಲಮಹಡಿ, ಮೇಲೆರಡು ಮಹಡಿ) ಆಶ್ರಯ ಮನೆ ಬರುತ್ತೆ ಅಂತ ಸುದ್ದಿಯಾದ ವಾರದೊಳಗೆ ಪಕ್ಕದ ಬಡಾವಣೆಯಿಂದ ಆಕ್ಷೇಪಣೆ ಬೀಳುತ್ತೆ. ಫಲಾನುಭವಿಗಳ ಪರವಾಗಿ ಓಡಾಡೋರಿಗೆ ಇದು ಗೊತ್ತಿರೋದೇ. ನಾನು ಮೂರು ಕಡೆ ಸೋತು, ನಾಲ್ಕನೆಯದರಲ್ಲಿ, ಸಾಗರ ರಸ್ತೆ ಕಡೆಯ ಒಂದು ಜಾಗದಲ್ಲಿ ಗೆದ್ದೆ. ಸುಮಾರು 110 ಆಕ್ಷೇಪಣೆ ಬಂದಿದ್ದವು, ಸಭೆಯ ದಿನ ಉಳಿದದ್ದು ಒಂಬತ್ತು. ಕಟ್ಟಡ ಎಷ್ಟು ಎತ್ತರ ಬರುತ್ತೆ, ನೆರಳು ಎಲ್ಲಿವರೆಗೆ ಬೀಳುತ್ತೆ ಅಂತ ಅಡಿಕೆ ಮರ ನಿಲ್ಲಿಸಿ ತೋರಿಸಿದ್ದೆ. "ಮರ ನೆಟ್ಟು ಜನರ ಮನಸ್ಸು ತಿರುಗಿಸ್ತೀಯಾ?" ಅಂದಿದ್ದವರೇ ಈಗ ಫೋನ್ ಮಾಡಿ ಕೇಳ್ತಿದ್ದಾರೆ. ಅದಕ್ಕೇ ಬರೀತಿದ್ದೇನೆ.

ಮೊದಲ ಸಭೆಗೆ ಶಾಮಿಯಾನ, ಮೈಕು, ಪ್ರೊಜೆಕ್ಟರ್, ಕಾಫಿ, ಮಂಡಕ್ಕಿ ಎಲ್ಲ ಸೇರಿ ಹದಿನೆಂಟು ಸಾವಿರ ಹೋಯ್ತು. ಪರದೆ ಮೇಲೆ ನಕ್ಷೆ ತೋರಿಸಿದ್ವಿ, ಯಾರಿಗೂ ಅರ್ಥವಾಗಲಿಲ್ಲ. ಮೈಕಿನಲ್ಲಿ ಮೊದಲು ಕೂಗಾಡಿದವರ ಧಾಟಿಯಲ್ಲೇ ಉಳಿದವರೂ ಮಾತಾಡಿದರು. ಊರವರ ಎದುರು ಒಮ್ಮೆ 'ಬೇಡ' ಅಂದವರು ಆಮೇಲೆ ಮನಸ್ಸು ಬದಲಾದರೂ ಬಾಯಿಬಿಟ್ಟು ಹೇಳಲ್ಲ, ಮರ್ಯಾದೆ ಪ್ರಶ್ನೆ. ಎರಡನೇ ಸಲ ಒಬ್ಬ ಮುಖಂಡರನ್ನ ಕರೆತಂದೆ, ಅದು ಪಕ್ಷದ ಜಗಳವಾಗಿ ಮುಗೀತು. ಮೂರನೆಯದು ನನಗೆ ಇವತ್ತಿಗೂ ನೋವು. ತುಂಗೆಯ ದಂಡೆಯಿಂದ ಅರವತ್ತು ಹೆಂಗಸರನ್ನ ಎರಡು ಬಸ್ಸಲ್ಲಿ ಕರೆದೊಯ್ದೆ, ಒಂಬತ್ತು ಸಾವಿರ ಬಾಡಿಗೆ. 2019ರ ಆಗಸ್ಟ್ ನೆರೆಯಲ್ಲಿ ಮನೆಗೆ ನೀರು ನುಗ್ಗಿದ್ದವರು ಅವರು. ಸಭೆಯಲ್ಲಿ ಒಬ್ಬರು ಎದ್ದು, "ನಿಮ್ಮ ಮಕ್ಕಳು ರಾತ್ರಿ ಎಲ್ಲಿ ತಿರುಗ್ತಾರೆ, ಅದನ್ನ ಹೇಳಿ" ಅಂದರು. ಮಾತಾಡಲು ನಿಂತಿದ್ದ ಹೆಂಗಸು ಸೆರಗು ಎಳಕೊಂಡು ಕೂತುಬಿಟ್ಟಳು. ಅವಳನ್ನ ಅಲ್ಲಿ ನಿಲ್ಲಿಸಿದ ತಪ್ಪು ನನ್ನದು. ಅವತ್ತಿನಿಂದ ಫಲಾನುಭವಿಗಳನ್ನ ಸಭೆಗೆ ಪ್ರದರ್ಶನಕ್ಕೆ ಒಯ್ಯೋದನ್ನ ಬಿಟ್ಟೆ.

ಕಟ್ಟಡ ಯೋಜನೆಗಳಿಗೆ 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯ ಸಾರ್ವಜನಿಕ ಆಲಿಕೆ ಅನ್ವಯಿಸಲ್ಲ, ಭೂಬಳಕೆ ಬದಲಾವಣೆಯ ಆಕ್ಷೇಪಣೆಗೆ ಒಂದು ಉತ್ತರ ಬರೆದು ಮುಗಿಸಿ, ಸಭೆಯೇ ಯಾಕೆ ಅಂತ ನಮ್ಮಲ್ಲೇ ಕೆಲವರು ವಾದಿಸ್ತಾರೆ. ನಾನು ಒಪ್ಪಲ್ಲ. ಮಾತಾಡಿಸದೆ ಬಿಟ್ಟವರು ಕೋರ್ಟಿಗೆ ಹೋಗ್ತಾರೆ. ಎರಡು ವರ್ಷ ತಡೆಯಾಜ್ಞೆ ಬಿದ್ದರೆ ಸಿಮೆಂಟು, ಕಬ್ಬಿಣದ ದರ ಏರುತ್ತೆ, ಮನೆಗೆ ಕೇಂದ್ರ ಕೊಡೋ 1.5 ಲಕ್ಷ ಸಹಾಯಧನ ಮಾತ್ರ ಅಷ್ಟೇ ಇರುತ್ತೆ. ಏರಿದ ದುಡ್ಡನ್ನ ಕಟ್ಟಬೇಕಾದವಳು ಆ ಸೆರಗು ಎಳಕೊಂಡು ಕೂತವಳೇ.

ನಾಲ್ಕನೇ ಸಲ ಮೂರು ರಾತ್ರಿ ಕೂತು ಎಲ್ಲ ಆಕ್ಷೇಪಣೆ ಓದಿದೆ. ತೊಂಬತ್ತರಷ್ಟು ಒಂದೇ ಜೆರಾಕ್ಸು: 'ಬಡಾವಣೆಯ ಶಾಂತಿಗೆ ಭಂಗ'. ಆದರೆ ಕೆಳಗೆ ಪೆನ್ನಲ್ಲಿ ಒಂದೆರಡು ಸಾಲು ಸೇರಿಸಿದ್ದರು. ನಿಜವಾದ ಭಯ ಇದ್ದದ್ದು ಅಲ್ಲಿ. ನಲವತ್ತು ಜನಕ್ಕೆ ಎತ್ತರ ಮತ್ತು ಬಿಸಿಲಿನದ್ದು, ಮೂವತ್ತು ಜನಕ್ಕೆ ನಲ್ಲಿ ನೀರಿನದ್ದು, ಉಳಿದವರಿಗೆ ಚರಂಡಿಯದ್ದು. ಒಬ್ಬ ಅಜ್ಜಿ 'ತಾರಸಿಯಲ್ಲಿ ಸಂಡಿಗೆ ಒಣಗಿಸಲು ಬಿಸಿಲು ಇರುವುದಿಲ್ಲ' ಅಂತ ಬರೆದಿದ್ದರು.

ಎತ್ತರ ತೋರಿಸಲು ಮೊದಲು ಬಲೂನ್ ಹಾರಿಸಿದೆ. 2,200 ರೂಪಾಯಿ, ಅರ್ಧ ಗಂಟೆಯಲ್ಲಿ ಗಾಳಿ ಎಳೆದು ಮಲಗಿಸಿತು. ಬಿದಿರು ನಿಲ್ಲಿಸಿದರೆ ತುದಿಯಲ್ಲಿ ಬಾಗುತ್ತೆ, ಜನ ಆ ಎತ್ತರ ನಂಬಲ್ಲ. ಆಮೇಲೆ ತೀರ್ಥಹಳ್ಳಿ ಕಡೆಯ ತೋಟದಿಂದ ಫಸಲು ನಿಂತ ಹಳೇ ಅಡಿಕೆ ಮರ ಎಂಟು ತಂದೆ. ಮರಕ್ಕೆ 250, ಟೆಂಪೋಗೆ 3,500, ಗುಂಡಿ ತೋಡಿಸಿ ನಿಲ್ಲಿಸಲು ನಾಲ್ಕು ಸಾವಿರ. ಕಟ್ಟಡದ ಮೂಲೆಗಳಲ್ಲಿ ನಿಲ್ಲಿಸಿ, 31 ಅಡಿಗೆ ಕೆಂಪು ಬಟ್ಟೆ ಕಟ್ಟಿ, ನಡುವೆ ಹಗ್ಗ ಎಳೆದೆ. ಅದು ಆಷಾಢ. ಒಂದೇ ರಾತ್ರಿಯ ಗಾಳಿಗೆ ಎರಡು ಬಿದ್ದವು, ಒಂದು ಎದುರು ಮನೆಯ ಕಾಂಪೌಂಡ್ ಮೇಲೆ. ಆರು ಸಾವಿರ ಕೈಯಿಂದ ಕೊಟ್ಟು ಗೋಡೆ ಸರಿಮಾಡಿಸಿದೆ. "ಮರವೇ ನಿಲ್ಲಲ್ಲ, ಮನೆ ನಿಲ್ಲತ್ತಾ?" ಅಂದರು.

ಮತ್ತೆ ನೆಟ್ಟದ್ದು ಡಿಸೆಂಬರ್ ಕೊನೆಯಲ್ಲಿ. ಸೂರ್ಯ ದಕ್ಷಿಣಕ್ಕೆ ವಾಲಿ, ಬಡಾವಣೆ ಕಡೆ ನೆರಳು ಅತಿ ಉದ್ದ ಬೀಳೋ ಕಾಲ, ನಾಳೆ ಯಾರೂ ಮೋಸ ಅನ್ನಬಾರದು. ಜಾಗ ದಕ್ಷಿಣಕ್ಕೆ, ಬಡಾವಣೆ ಉತ್ತರಕ್ಕೆ, ನಡುವೆ 40 ಅಡಿ ರಸ್ತೆ. ಮಧ್ಯಾಹ್ನ ಹನ್ನೆರಡೂವರೆಗೆ ನೆರಳು 24 ಅಡಿ. ನಾಲ್ಕು ಗಂಟೆಗೆ ಉದ್ದವಾದರೂ ಓರೆಯಾಗಿ ಹೋಯ್ತು, ರಸ್ತೆ ದಾಟಲಿಲ್ಲ. ಸಂಡಿಗೆಯ ಅಜ್ಜಿ ಮನೆಯಿಂದ ರಂಗೋಲಿ ಡಬ್ಬಿ ತಂದು, ಗಂಟೆಗೊಂದು ಸಲ ಸೊಂಟ ಬಗ್ಗಿಸಿ ನೆರಳಿನ ಅಂಚಿಗೆ ತಾವೇ ಗೆರೆ ಎಳೆದರು. ನಾಲ್ಕೂವರೆ ಮೇಲೆ ನೆರಳು ಎರಡು ಮನೆಯ ಕಾಂಪೌಂಡ್ ಮುಟ್ಟಿತು. ಅದನ್ನೂ ಗೆರೆ ಎಳೆಸಿಯೇ ತೋರಿಸಿದೆ. ಜನ ನಂಬಿದ್ದು ಆ ಕೊನೇ ಗೆರೆಯಿಂದ ಅಂತ ನನ್ನ ಲೆಕ್ಕ. ಮರುದಿನವೇ ಮೂವತ್ತು ಚಿಲ್ಲರೆ ಜನ ಆಕ್ಷೇಪಣೆ ವಾಪಸ್ ಪಡೆದರು.

ನೀರಿನದ್ದು ಇನ್ನೂ ಹೆಚ್ಚು ದಿನ ಹಿಡೀತು. ಹದಿನಾಲ್ಕು ಮನೆಯಲ್ಲಿ ಹನ್ನೊಂದು ದಿನ 15 ಲೀಟರ್ ಬಕೆಟ್ ಇಟ್ಟು ಮೊಬೈಲಲ್ಲಿ ಸಮಯ ಅಳೆದೆ. ಮೊದಲ ಮನೆಗೆ ಒಂದು ನಿಮಿಷಕ್ಕೆ ತುಂಬುವ ಬಕೆಟ್ ಕೊನೇ ಮನೆಗೆ ನಾಲ್ಕು ನಿಮಿಷ. ತೊಂದರೆ ಈಗಿನ ಪೈಪಿನಲ್ಲೇ ಇತ್ತು. ಹೊಸ ಮನೆಗಳಿಗೆ ಬೇರೆ ಟ್ಯಾಂಕು, ಬಡಾವಣೆಗೆ ಹೊಸ ಪೈಪು ಅಂತ ಇಬ್ಬರ ಹೆಸರಲ್ಲೂ ಒಂದೇ ಮನವಿ ಬರೆದೆ. ವಿರೋಧ ಮಾಡಿದವರೇ ಮೊದಲು ಸಹಿ ಹಾಕಿದರು.

ಬಡಾವಣೆಯ ಎಷ್ಟು ಮನೆಯ ಕೆಲಸದವರು ಫಲಾನುಭವಿ ಪಟ್ಟಿಯಲ್ಲಿದ್ದಾರೆ ಅಂತಲೂ ಲೆಕ್ಕ ತೆಗೆದೆ. 140ರಲ್ಲಿ ಅರವತ್ತರ ಹತ್ತಿರ ಬಂತು. ಆ ಪಟ್ಟಿಯನ್ನ ಯಾರ ಕೈಯಲ್ಲಿ, ಯಾವಾಗ ಹೇಳಿಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ತಪ್ಪಾಗಿ ಬಳಸಿದರೆ ಆ ಹೆಂಗಸರ ಕೆಲಸ ಹೋಗುತ್ತೆ. ಕೇಳಿದವರಿಗೆ ಎದುರು ಕೂತು ಹೇಳ್ತೀನಿ.

ಬಲವಾಗಿ ವಿರೋಧಿಸ್ತಿದ್ದ ಹಿರಿಯರೊಬ್ಬರು ಶರಾವತಿ ಮುಳುಗಡೆಯ ಕಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮನೆ ಬಿಟ್ಟು ಬಂದ ಕುಟುಂಬ. ನೆರಳು ನೋಡಲು ಬಂದವರು ಮರಕ್ಕೆ ಕೈಯಿಟ್ಟು ತುಂಬಾ ಹೊತ್ತು ನಿಂತಿದ್ದರು. "ನಾವು ಬಂದಾಗ ಹೊಸ ಊರಲ್ಲಿ ಬಾವಿ ಮುಟ್ಟಕ್ಕೆ ಬಿಡಲಿಲ್ಲ ಮಾರಾಯ" ಅಂದರು. ನಾನು ಏನೂ ಹೇಳಲಿಲ್ಲ. ಸಂಜೆ ಅವರ ಮಗ ಬಂದು ಅರ್ಜಿ ಹಿಂಪಡೆಯೋದು ಹೇಗೆ ಅಂತ ಕೇಳಿದ.

ಸಭೆ ಒಂದು ಗಂಟೆಯಲ್ಲಿ ಮುಗೀತು, ಮೈಕು ತರಿಸಿರಲಿಲ್ಲ. ಗೋಡೆ ರಿಪೇರಿ, ಬಲೂನು, ನನ್ನ ಪೆಟ್ರೋಲು ಸೇರಿ ಒಟ್ಟು ಮೂವತ್ತು ಸಾವಿರದೊಳಗೆ. ಉಳಿದ ಒಂಬತ್ತು ಜನ ಒಪ್ಪಿಲ್ಲ, ಅವರ ಮನೆಗೆ ಈಗಲೂ ಹೋಗ್ತಿದ್ದೇನೆ. ಎಂಟು ಮರದಲ್ಲಿ ಐದು ಗಟ್ಟಿಯಾಗಿವೆ. ಅವನ್ನ ಒಯ್ಯಲು ಮುಂದಿನ ವಾರ ಭದ್ರಾವತಿಯಿಂದ ಟೆಂಪೋ ಬರುತ್ತೆ, ಅಷ್ಟರೊಳಗೆ ಇನ್ನು ಮೂರು ಕಡಿಸಬೇಕು.