ರಂಗೋಲಿಯೊಳಗಿನ ಸಂಖ್ಯಾಬಂಧ

ನಾನು ಅವಧಾನಿ. ಹಲವರು ಸರದಿಯಂತೆ ಕೇಳುವ ಪದ್ಯ, ಲೆಕ್ಕಗಳನ್ನೆಲ್ಲ ಬರೆದುಕೊಳ್ಳದೆ ಒಟ್ಟಿಗೇ ನಿಭಾಯಿಸುವುದು ಅವಧಾನ. ಆ ದಿನ ಸಂಖ್ಯಾಬಂಧಕ್ಕೆ, ಅಂದರೆ ತಲೆಯಲ್ಲೇ ತುಂಬಬೇಕಾದ ಅಂಕಿಗಳ ಚೌಕಕ್ಕೆ, ಕೊಟ್ಟ ಮೊತ್ತ 165. ಐದೈದರ ಇಪ್ಪತ್ತೈದು ಮನೆ. ಅಡ್ಡ, ಉದ್ದ, ಮೂಲೆಯಿಂದ ಮೂಲೆ, ಹೇಗೆ ಕೂಡಿದರೂ ಅಷ್ಟೇ ಬರಬೇಕು. ಲೆಕ್ಕವೇನೂ ಕಷ್ಟವಲ್ಲ. 1ರಿಂದ 25ರವರೆಗಿನ ಮೂಲ ಚೌಕದ ಮೊತ್ತ 65. ಮನೆಗೆ 20ರಂತೆ ಸೇರಿಸಿದರೆ ಮುಗಿಯಿತು. ಕಷ್ಟವಿರುವುದು ಕೇಳುವ ಹೊತ್ತಿನಲ್ಲಿ. ಹೆಜ್ಜೆಹೆಜ್ಜೆಗೂ ಒಂದು ಅಕ್ಷರ ಬೇಡವೆನ್ನುತ್ತ ಪದ್ಯ ಕಟ್ಟಿಸುವ ನಿಷೇಧಾಕ್ಷರಿಯ ಎರಡನೆಯ ಪಾದದಲ್ಲಿ ತಿಣುಕುತ್ತಿದ್ದೆ. ಸಂಬಂಧವಿಲ್ಲದ ಮಾತಿನಿಂದ ಗಮನ ಕೆಡಿಸಲೆಂದೇ ಕೂತ ಅಪ್ರಸ್ತುತ ಪ್ರಸಂಗಿ, "ಅವಧಾನಿಗಳೇ, ಕನ್ನಡಕ ಮರೆತು ಬಂದವರು ಕನ್ನಡ ಮರೆಯುವುದಿಲ್ಲವೆಂದು ಏನು ಖಾತರಿ?" ಎಂದರು. ಸಭೆಯ ನಗು ಅಡಗುವ ಮೊದಲೇ ಇತ್ತಲಿಂದ ಪ್ರಶ್ನೆ: "ಮೂರನೆಯ ಸಾಲು, ನಾಲ್ಕನೆಯ ಮನೆ?" 26 ಎಂದೆ. ಬೇಕಿದ್ದುದು 40. 26 ಅದೇ ಸಾಲಿನ ಎರಡನೆಯ ಮನೆಯದು.

ಆಗ ನನಗೆ 58. ಮೂವತ್ತರಲ್ಲಿ ಸಾಲುಗಳನ್ನು ಪದ್ಯದಂತೆ ಒಳಗೇ ಗುನುಗಿಕೊಂಡು ನಿಭಾಯಿಸುತ್ತಿದ್ದೆ. ಈಗ ಪದ್ಯವೂ ಸಂಖ್ಯೆಯೂ ಒಂದೇ ನಾಲಿಗೆಯ ಮೇಲೆ ಜಗಳಕ್ಕೆ ನಿಂತಿದ್ದವು.

ಅವಮಾನಕ್ಕೆ ಓದು ಒಳ್ಳೆಯ ಮದ್ದು. ನೆನಪಿನ ಕೆಲಸಕ್ಕೆ ಎಳೆಯರ ಮಿದುಳಿನ ಮುಂಭಾಗ ಒಂದು ಪಕ್ಕಕ್ಕೆ ವಾಲುತ್ತದೆ, ವಯಸ್ಸಾದವರಲ್ಲಿ ಎರಡೂ ಪಕ್ಕ ದುಡಿಯುತ್ತವೆ ಎಂದು ನರವಿಜ್ಞಾನಿ ರಾಬರ್ಟೊ ಕಬೇಜಾ 2002ರಲ್ಲಿ ಬರೆದಿದ್ದರು. ಅದೇ ವರ್ಷದ ಅವರ ಇನ್ನೊಂದು ಪ್ರಯೋಗವನ್ನು ಮೂರು ಸಲ ಓದಿದೆ: ಚೆನ್ನಾಗಿ ನೆನಪಿಟ್ಟ ಹಿರಿಯರಲ್ಲಿ ಎರಡೂ ಪಕ್ಕ ಎದ್ದಿದ್ದವು, ಹಿಂದೆ ಬಿದ್ದವರದು ಎಳೆಯರಂತೆ ಒಂದೇ ಪಕ್ಕ. ಎಳೆಯರೂ ಹೊರೆ ಏರಿದಾಗ ಎರಡನೆಯದನ್ನು ಕರೆಯುತ್ತಾರಂತೆ. ಹಿರಿಯರು ಹಗುರ ಕೆಲಸಕ್ಕೇ ಕರೆಯುತ್ತಾರೆ, ಭಾರ ಹೆಚ್ಚಿದಾಗ ಮಿಗತೆ ಉಳಿದಿರುವುದಿಲ್ಲ ಎನ್ನುವುದು ಸಂಶೋಧಕರಾದ ರಾಯ್ಟರ್-ಲೊರೆನ್ಜ್ ಮತ್ತು ಕ್ಯಾಪೆಲ್ ಅವರ 2008ರ ವಾದ. ಹಪ್ಪಳ ಒತ್ತುವುದಕ್ಕೇ ಊರನ್ನೆಲ್ಲ ಕರೆದರೆ ಮದುವೆಯ ದಿನ ಯಾರು ಬರುತ್ತಾರೆ?

ಎಳೆಯರಲ್ಲಿ ಮಾತಿನ ನೆನಪು ಎಡಕ್ಕೂ ಜಾಗದ ನೆನಪು ಬಲಕ್ಕೂ ವಾಲುತ್ತದೆ ಎಂಬುದನ್ನೂ ಓದಿದ್ದೆ. ಸಂಖ್ಯೆಗಳನ್ನು ನಾಲಿಗೆಯಿಂದ ಇಳಿಸಿ ಅಂಗಳಕ್ಕೆ ಹಾಕಿದೆ. ಅಮ್ಮ ಇಡುತ್ತಿದ್ದ ಐದು ಚುಕ್ಕಿ, ಐದು ಸಾಲಿನ ರಂಗೋಲಿ. ಅವಳು ಕುಂಕುಮ ಹಾಕುತ್ತಿದ್ದ ನಡುಚುಕ್ಕಿ 13. ಅದರ ಬಲಕ್ಕೆ ಆತುಕೊಂಡದ್ದು 20. ತುಳಸಿಕಟ್ಟೆಯ ಕಡೆಯ ಮೂಲೆ 17. ಮೂಲ ಚೌಕ ಅಲ್ಲೇ ಇರುತ್ತದೆ. ಕೇಳಿದಾಗ ಆ ಚುಕ್ಕಿಯ ಬಳಿ ನಿಂತು ಕೂಡಿಸಬೇಕಾದ್ದನ್ನು ಕೂಡಿಸುತ್ತೇನೆ. ಮೊದಲ ಮೂರು ತಿಂಗಳು ಹಳೆಯ ಪದ್ಧತಿಗಿಂತ ನಿಧಾನವಾಗಿತ್ತು, ಬಿಟ್ಟುಬಿಡೋಣ ಎನ್ನಿಸಿತ್ತು. ಪದ್ಯಗಳ ಪಾದಗಳನ್ನು ಆಯಾ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಕುಳಿತ ಜಾಗಕ್ಕೆ ಕಟ್ಟಿದೆ. ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವ ದತ್ತಪದಿಯನ್ನು ಮಾತ್ರ ಕಿವಿಗೇ ಬಿಟ್ಟಿದ್ದೇನೆ.

ನನ್ನ ತಲೆಯನ್ನು ಯಾರೂ ಸ್ಕ್ಯಾನರಿನೊಳಗೆ ತಳ್ಳಿ ನೋಡಿಲ್ಲ. ಬಲಗೋಳ ಎದ್ದಿತೆಂದರೆ ಅದು ಜಂಬವಾದೀತು.

ಕಳೆದ ಸಲ ಮೊತ್ತ 215. ಅದೇ ಮೂರನೆಯ ಸಾಲು, ನಾಲ್ಕನೆಯ ಮನೆ ಕೇಳಿದರು. ಕುಂಕುಮದ ಬಲಕ್ಕೆ ನೋಡಿ 50 ಎಂದೆ. ಕೊನೆಗೆ ಪದ್ಯಗಳನ್ನೆಲ್ಲ ನೆನಪಿನಿಂದ ಒಪ್ಪಿಸುವ ಧಾರಣೆಯಲ್ಲಿ ಮಾತ್ರ, ಕೊಟ್ಟ ಸಾಲಿಗೆ ಉಳಿದ ಪದ್ಯ ಕಟ್ಟುವ ಸಮಸ್ಯಾಪೂರಣದ ಮೂರನೆಯ ಪಾದ ಕೈಕೊಟ್ಟಿತು. ಆ ಪೃಚ್ಛಕರು ಫ್ಯಾನಿನ ಗಾಳಿಗೆಂದು ನಡುವೆ ಕುರ್ಚಿ ಬದಲಿಸಿದ್ದರು.