ಹುಳು ಕಂದಾದರೆ ಎಸೆಯಬೇಡಿ: ಕಣಗಿಲೆ ಪತಂಗ ಸಾಕುವುದು ಹೀಗೆ

ಕಣಗಿಲೆ ಗಿಡದಲ್ಲಿ ಬೆರಳುದ್ದದ ಹಸಿರು ಹುಳು ಕಂಡರೆ ಕೊಲ್ಲಬೇಡಿ. ತಲೆಯ ಹಿಂದೆ ಕಣ್ಣಿನಂಥ ಎರಡು ನೀಲಿ ಗುರುತು, ಹಿಂದೆ ಮೊಂಡು ಹಳದಿ ಕೊಂಬು ಇದ್ದರೆ ಅದು ಕಣಗಿಲೆ ಪತಂಗದ ಮರಿ. ಕಚ್ಚುವುದಿಲ್ಲ, ಕೊಂಬು ಚುಚ್ಚುವುದೂ ಇಲ್ಲ. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾದಲ್ಲಿ ಇದರ ವಾಸ. ಬೇಸಿಗೆಯಲ್ಲಿ ಯುರೋಪಿಗೂ ವಲಸೆ ಹೋಗುತ್ತದೆ.

1. ಅಗಲವಾದ ಡಬ್ಬಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಕೀಟ ಸಾಕಲೆಂದೇ ಮಾರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು ಬೇಡವೇ ಬೇಡ. ಒಳಗೆ ನೀರಾಡಿ ಎಲೆ ಕೊಳೆಯುತ್ತದೆ.

2. ಯಾವ ಗಿಡದಲ್ಲಿ ಸಿಕ್ಕಿತೋ ಅದೇ ಎಲೆ ಕೊಡಿ. ನಂದಿಬಟ್ಟಲು, ನಿತ್ಯಪುಷ್ಪವನ್ನೂ ಇದು ತಿನ್ನುತ್ತದೆ, ಆದರೆ ನಡುವೆ ಬದಲಿಸದಿರುವುದೇ ಒಳ್ಳೆಯದು. ಔಷಧಿ ಹೊಡೆದ ಗಿಡದ ಎಲೆ ಖಂಡಿತ ಬೇಡ. ಕಣಗಿಲೆಯ ರಸ ನಮಗೆ ವಿಷ, ಮುಟ್ಟಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ. ಹಿಕ್ಕೆ ದಿನಾ ತೆಗೆಯಿರಿ.

3. ಎಲ್ಲರೂ ಎಡವುವುದು ಇಲ್ಲೇ. ಒಂದು ದಿನ ಹುಳು ತಿನ್ನುವುದನ್ನು ಬಿಡುತ್ತದೆ. ಹಸಿರು ಬಣ್ಣ ಹೋಗಿ ಮೈ ಕಂದಾಗುತ್ತದೆ. ಡಬ್ಬಿಯ ತುಂಬ ಗೊತ್ತುಗುರಿಯಿಲ್ಲದೆ ಓಡಾಡುತ್ತದೆ. ರೋಗ ಬಂತು ಅಂತ ಎಷ್ಟೋ ಜನ ಆಗಲೇ ಎಸೆದಿದ್ದನ್ನು ನೋಡಿ ನನಗೆ ತುಂಬಾ ಬೇಸರವಾಗಿದೆ. ರೋಗವಲ್ಲ, ಅದು ಕೋಶವಾಗಲು ಜಾಗ ಹುಡುಕುತ್ತಿದೆ ಅಷ್ಟೇ. ಈ ಹುಳು ಕೊಂಬೆಗೆ ನೇತುಹಾಕಿಕೊಳ್ಳುವುದಿಲ್ಲ, ನೆಲದ ತರಗೆಲೆಯೊಳಗೆ ಸೇರುತ್ತದೆ. ಹಾಗಾಗಿ ಡಬ್ಬಿಯ ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಎಲೆ ಹರಡಿ. ಮಣ್ಣೇ ಬೇಕೆಂದೇನಿಲ್ಲ, ಹರಿದ ಕಾಗದವೂ ಆಗುತ್ತದೆ. ಹುಳು ಎರಡು ಎಲೆ ಸೇರಿಸಿ ತೆಳ್ಳಗೆ ನೂಲು ನೇಯ್ದು ಒಳಗೆ ಮಲಗುತ್ತದೆ. ಆಮೇಲೆ ಒಂದು ವಾರ ಕೈ ಹಾಕಬೇಡಿ. ಏನಾಯ್ತು ನೋಡೋಣ ಅಂತ ಸುಮ್ನೆ ಎಲೆ ಸರಿಸುವುದೂ ಬೇಡ. ಹೊಸ ಕೋಶದ ಚರ್ಮ ಮೆತ್ತಗಿರುತ್ತದೆ, ಒತ್ತಿದರೆ ಒಡೆಯುತ್ತದೆ.

4. ಒರಟು ಕಡ್ಡಿಯೊಂದನ್ನು ಓರೆಯಾಗಿ ಈಗಲೇ ನಿಲ್ಲಿಸಿ. ಬಿಸಿಲುನಾಡಿನಲ್ಲಿ ಎರಡು ಮೂರು ವಾರಕ್ಕೆ ಪತಂಗ ಹೊರಬರುತ್ತದೆ. ಬಂದ ಕೂಡಲೇ ಮೇಲೆ ಹತ್ತಿ, ಮುದುರಿದ ರೆಕ್ಕೆಯನ್ನು ಕೆಳಗೆ ಇಳಿಬಿಟ್ಟು ಅರಳಿಸಬೇಕು. ನುಣುಪು ಪ್ಲಾಸ್ಟಿಕ್ ಗೋಡೆಯಲ್ಲಿ ಕಾಲು ಜಾರುತ್ತದೆ. ಹತ್ತಲಾಗದಿದ್ದರೆ ರೆಕ್ಕೆ ಸೊಟ್ಟಗೆ ಒಣಗಿ, ಅದು ಜೀವನಪೂರ್ತಿ ಹಾರುವುದಿಲ್ಲ.

5. ಅರಳಿದ ರೆಕ್ಕೆ ಸುಮಾರು 10 ಸೆಂಟಿಮೀಟರ್ ಅಗಲ. ಹಸಿರು, ಗುಲಾಬಿ, ಬಿಳಿ ಪಟ್ಟೆಗಳು ಎಷ್ಟು ಚೆಂದ ಅಂದರೆ ಮುಟ್ಟಬೇಕೆನಿಸುತ್ತದೆ. ಮುಟ್ಟಬೇಡಿ, ಪುಡಿ ಉದುರುತ್ತದೆ. ಕತ್ತಲಾಗುವ ಹೊತ್ತಿಗೆ, ದೀಪ ಆರಿಸಿ, ಪರದೆ ತೆಗೆದಿಡಿ. ಮೊದಲು ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತದೆ, ಆಮೇಲೆ ತಾನಾಗೇ ಹೊರಡುತ್ತದೆ.