ಪದವಿನಲ್ಲಿ ಒಂದು, ತೋಟದಲ್ಲಿ ಇನ್ನೊಂದು: ಮಿಲಿಟರಿ ಪ್ರಿಂಟ್ ಜಾಕೆಟ್ ಆರಿಸುವ, ಒಗೆಯುವ ಕ್ರಮ

ಕಾಸರಗೋಡಿನ ಕಿದೂರಿಗೋ ಪೊಸಡಿಗುಂಪೆಗೋ ಹಕ್ಕಿಯ ಫೋಟೊ ತೆಗೆಯಲು ಹೊರಟವರು ಸಾಮಾನ್ಯವಾಗಿ ಕೊಳ್ಳುವುದು ಹಸಿರು, ಕಂದು, ಕಪ್ಪು ಮಚ್ಚೆಗಳ ‘ವುಡ್‌ಲ್ಯಾಂಡ್’ ಜಾಕೆಟ್. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ, ಎಲ್ಲ ಹಸಿರಾಗಿರುವಾಗ, ಅದು ಸರಿಯೇ. ಫೆಬ್ರವರಿಗೆ ಮುಳಿಹುಲ್ಲು ಒಣಗಿ ಪದವು (ಗುಡ್ಡದ ಮೇಲಿನ ಮುರಕಲ್ಲಿನ ಬಯಲು) ಇಡೀ ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ, ಅದೇ ಜಾಕೆಟ್ ತೊಟ್ಟವರು ಸುಟ್ಟ ಮರದ ಬೊಡ್ಡೆಯ ಹಾಗೆ ದೂರದಿಂದಲೇ ಎದ್ದು ಕಾಣುತ್ತಾರೆ. ಮಚ್ಚೆಯ ಆಕಾರ ನೋಡುವ ಮೊದಲು ನೋಡಬೇಕಾದದ್ದು ಬಟ್ಟೆ ಎಷ್ಟು ಗಾಢ, ಎಷ್ಟು ತಿಳಿ ಎಂಬುದನ್ನು. ಹಿನ್ನೆಲೆಯಷ್ಟೇ ತಿಳಿಯಾದ ಒಂದೇ ಬಣ್ಣದ ಖಾಕಿ ಅಂಗಿ, ಹಿನ್ನೆಲೆಗಿಂತ ಕಪ್ಪಾದ ದುಬಾರಿ ಕ್ಯಾಮೊಫ್ಲಾಜ್‌ಗಿಂತ ಚೆನ್ನಾಗಿ ಮರೆಯಾಗುತ್ತದೆ.

ಮಚ್ಚೆಗಳಿಗೆ ಎರಡು ಕೆಲಸ. ಸಣ್ಣವು ಹತ್ತಿರದಲ್ಲಿ ಎಲೆ, ಕಡ್ಡಿ, ನೆರಳುಗಳ ಜೊತೆ ಬೆರೆಯುತ್ತವೆ. ದೊಡ್ಡವು ಹೆಗಲು, ತೋಳು, ಬೆನ್ನಿನ ಗೆರೆಯನ್ನು ಕಡಿದು, ಮನುಷ್ಯಾಕೃತಿ ಎಂದು ಕಣ್ಣಿಗೆ ಗುರುತು ಸಿಗದಂತೆ ಮಾಡುತ್ತವೆ. ದೂರಕ್ಕೊಂದು ಲೆಕ್ಕವಿದೆ. ನಮ್ಮ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಒಂದು ಡಿಗ್ರಿಯ 60ನೇ ಒಂದು ಭಾಗ; 100 ಮೀಟರಿನಲ್ಲಿ ಅದು ಸುಮಾರು 3 ಸೆಂಟಿಮೀಟರ್. ಅದಕ್ಕಿಂತ ಸಣ್ಣ ಮಚ್ಚೆಗಳು ಅಷ್ಟು ದೂರದಲ್ಲಿ ಕಲಸಿಹೋಗಿ ಒಂದೇ ಬಣ್ಣವಾಗುತ್ತವೆ. ಗಿಡುಗಗಳ ಕಣ್ಣು ನಮ್ಮದಕ್ಕಿಂತ ಚುರುಕು, ಹಾಗಾಗಿ ಅವುಗಳ ಲೆಕ್ಕ ಬೇರೆ.

ಅಮೆರಿಕದ ಸೇನೆ ಇದನ್ನು ಎರಡೂ ಬಗೆಯಲ್ಲಿ ಕಲಿತಿದೆ. ಅಲ್ಲಿನ ಎಂಜಿನಿಯರ್ ಪ್ರಯೋಗಾಲಯ 1948ರಲ್ಲಿ ರೂಪಿಸಿದ ಎಲೆ ವಿನ್ಯಾಸದ ಮಚ್ಚೆಗಳನ್ನೇ ಹಿಗ್ಗಿಸಿ 1981ರಲ್ಲಿ ವುಡ್‌ಲ್ಯಾಂಡ್ ಮಾಡಿದರು. ಹೆಚ್ಚು ದೂರಕ್ಕೂ ಮಚ್ಚೆ ಮಚ್ಚೆಯಾಗಿಯೇ ಉಳಿಯಲಿ ಎಂಬ ಲೆಕ್ಕ. 2004ರಲ್ಲಿ ಬಂದ ಬೂದು ಡಿಜಿಟಲ್ ವಿನ್ಯಾಸದಲ್ಲಿ ಚೌಕಗಳು ಸಣ್ಣವು, ಬಣ್ಣಗಳ ನಡುವಿನ ಅಂತರವೂ ಕಡಿಮೆ. ಸ್ವಲ್ಪ ದೂರ ಹೋದರೆ ಎಲ್ಲ ಸೇರಿ ಒಂದೇ ತಿಳಿ ಬೂದು ಆಕೃತಿ. 2010ರಿಂದ ಅಫ್ಘಾನಿಸ್ತಾನಕ್ಕೆ ಹೊರಟವರಿಗೆ ಹಸಿರು, ಕಂದು, ಮಣ್ಣುಬಣ್ಣ ಬೆರೆತ ‘ಮಲ್ಟಿಕ್ಯಾಮ್’ ವಿನ್ಯಾಸದ ಉಡುಪು ಕೊಡಬೇಕಾಯಿತು. ಡಿಜಿಟಲ್ ಎಂದರೆ ಮೇಲು ಎಂದು ನಂಬಿ ದುಡ್ಡು ಸುರಿಯಬೇಡಿ. ಚೌಕಗಳು ಕೂಡಿ ಅಂಗೈಗಿಂತ ದೊಡ್ಡ ಆಕಾರಗಳು ಮೂಡಿವೆಯೇ ಎಂದು ನೋಡಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ. ಜಾಕೆಟನ್ನು ಹ್ಯಾಂಗರಿಗೆ ಹಾಕಬೇಡಿ, ಯಾರಿಗಾದರೂ ತೊಡಿಸಿ, ನೀವು ಕೂರುವ ಜಾಗದಲ್ಲೇ ಕೂರಿಸಿ. 15, 40, 80 ಹೆಜ್ಜೆಯಿಂದ ಜೂಮ್ ಮಾಡದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ; ಬೆಳಗ್ಗೆ 8ಕ್ಕೊಮ್ಮೆ, ನಡುಮಧ್ಯಾಹ್ನಕ್ಕೊಮ್ಮೆ. ಆಮೇಲೆ ಫೋಟೊವನ್ನು ಕಪ್ಪುಬಿಳುಪು ಮಾಡಿ. ಬಣ್ಣ ಹೋದ ಮೇಲೂ ಜಾಕೆಟ್ ಹುಲ್ಲಿಗಿಂತ ಕಪ್ಪಗೋ ಬೆಳ್ಳಗೋ ಎದ್ದು ಕಂಡರೆ ಆ ಜಾಗಕ್ಕೆ ಅದು ಆಗದು. ಒಂದು ತೋಳನ್ನು ಒದ್ದೆ ಮಾಡಿಯೂ ನೋಡಿ. ನೀರು ಕುಡಿದ ಬಟ್ಟೆ ಗಾಢವಾಗುತ್ತದೆ, ನಮ್ಮ ಸೆಕೆಗೆ ಹತ್ತು ಗಂಟೆಯೊಳಗೆ ಬೆನ್ನು ಹೇಗೂ ಒದ್ದೆ.

ಡಿಸೆಂಬರಿನಿಂದ ಮೇವರೆಗೆ ಮುರಕಲ್ಲಿನ ಪದವಿನಲ್ಲಿ ತಿಳಿ ಕಂದು, ಮಣ್ಣುಬಣ್ಣ ಹೆಚ್ಚಿದ್ದು ಕಪ್ಪು ಇಲ್ಲದ ಪ್ರಿಂಟ್ ಬೇಕು. ಅಡಕೆ ತೋಟದ ಮಾತೇ ಬೇರೆ. ಅಲ್ಲಿ ನೆಲವೆಲ್ಲ ನೆರಳು, ಸೋಗೆಯ ಸಂದಿನಿಂದ ಬಿದ್ದ ಬಿಸಿಲಿನ ತುಣುಕುಗಳು, ನೆಟ್ಟಗೆ ನಿಂತ ಮರಗಳು. ಗಾಢ ಹಸಿರಿನ ಮೇಲೆ ದೊಡ್ಡ ಕಪ್ಪು, ತಿಳಿ ಮಚ್ಚೆಗಳ ವುಡ್‌ಲ್ಯಾಂಡ್ ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಗೇರುಗುಡ್ಡೆ ಇವೆರಡರ ನಡುವಿನದು. ಒಂದೇ ಜಾಕೆಟ್ ಕೊಳ್ಳುವುದಾದರೆ ಮಾಸಲು ಆಲಿವ್ ಬಣ್ಣದ, ಮಚ್ಚೆಯಿಲ್ಲದ್ದನ್ನೇ ಕೊಳ್ಳಿ.

ಅದರಲ್ಲಿ ಕಾನೂನಿನ ತಂಟೆಯೂ ಇಲ್ಲ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪನ್ನು ಹೋಲುವ ಬಟ್ಟೆ ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಉದ್ದೇಶ ಹಾಗಿರದಿದ್ದರೂ ಚೆಕ್‌ಪೋಸ್ಟಿನಲ್ಲಿ ವಿವರಿಸುತ್ತ ನಿಲ್ಲುವ ಪಾಡು ಯಾಕೆ? ಭಾರತೀಯ ಸೇನೆ 2022ರ ಜನವರಿ 15ರಂದು ತೋರಿಸಿದ ಹೊಸ ಡಿಜಿಟಲ್ ವಿನ್ಯಾಸದ ನಕಲನ್ನಂತೂ ಮುಟ್ಟಬೇಡಿ.

ಹೊಲಿಗೆಯ ಮಾದರಿಗೆ 1965ರ ಎಂ-65 ಫೀಲ್ಡ್ ಜಾಕೆಟ್ ಈಗಲೂ ಚೆನ್ನ: ಮುಂದೆ ನಾಲ್ಕು ದೊಡ್ಡ ಜೇಬು, ಸೊಂಟದಲ್ಲಿ ಒಳಗಿನಿಂದ ಎಳೆಯುವ ದಾರ, ಕಾಲರಿನೊಳಗೆ ಮಡಚಿಟ್ಟ ಟೊಪ್ಪಿ. ಒಳಗಿನ ಬೆಚ್ಚನೆಯ ಲೈನಿಂಗ್ ಗುಂಡಿಯಿಂದ ಕೂಡಿಸಿದ್ದು. ಬಿಚ್ಚಿ ಮನೆಯಲ್ಲೇ ಇಡಿ. ಮೂಲ ಬಟ್ಟೆ ಹತ್ತಿ ಮತ್ತು ನೈಲಾನ್ ಅರ್ಧರ್ಧ ಬೆರೆತ ದಪ್ಪ ನೇಯ್ಗೆ, ನಮ್ಮಲ್ಲಿ ಅದು ಬೇಯಿಸುತ್ತದೆ. ಇದೇ ಹೊಲಿಗೆಯಲ್ಲಿ ತೆಳು ರಿಪ್‌ಸ್ಟಾಪ್ (ಹರಿದದ್ದು ಮುಂದೆ ಹರಿಯದಂತೆ ನಡುನಡುವೆ ದಪ್ಪ ನೂಲು ಚೌಕಚೌಕವಾಗಿ ನೇಯ್ದ) ಹತ್ತಿ ಸಿಕ್ಕರೆ ಬಿಡಬೇಡಿ. ಪೂರ್ತಿ ಪಾಲಿಯೆಸ್ಟರ್ ಬೇಡ: ಬಿಸಿಲಿಗೆ ಮಿನುಗುತ್ತದೆ, ತೋಳು ಮೈಗೆ ಉಜ್ಜಿದಾಗ ಸರಸರ ಸದ್ದು. ಮುಂಗೈಯ ವೆಲ್ಕ್ರೊ ಇನ್ನೊಂದು ಪೀಡೆ, ಒಮ್ಮೆ ಪರ್ರನೆ ಕಿತ್ತರೆ ಹಕ್ಕಿ ಆಚೆ ಗುಡ್ಡೆಯಲ್ಲಿ. ಅದನ್ನು ಬಿಚ್ಚಿಸಿ ಮಾಸಲು ಗುಂಡಿ ಹೊಲಿಸಿ.

ಇಷ್ಟೆಲ್ಲ ಮಾಡಿದ ಮೇಲೆ ಜಾಕೆಟ್ ಕೆಡುವುದು ಒಗೆಯುವ ಕಲ್ಲಿನ ಹತ್ತಿರ. ‘ಬಿಳಿ ಹೊಳಪು’ ಕೊಡುವ ಸೋಪುಪುಡಿಗಳಲ್ಲಿರುವ ರಾಸಾಯನಿಕ ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಬಟ್ಟೆಯ ಮೇಲೊಂದು ನೀಲಿ ಹೊಳಪು ಕೂರುತ್ತದೆ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದರೆ ಗೊತ್ತಾಗುತ್ತದೆ: ಜಾಕೆಟ್ ನೀಲಿಯಾಗಿ ಬೆಳಗಿದರೆ ಕೆಟ್ಟಿತೆಂದೇ ಲೆಕ್ಕ. ಹತ್ತು ಹನ್ನೆರಡು ಅಂಟುವಾಳ ಕಾಯಿಯ ಸಿಪ್ಪೆಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಕಿವುಚಿ ಸೋಸಿ, ಅರ್ಧ ಬಾಲ್ದಿ ತಣ್ಣೀರಿಗೆ ಬೆರೆಸಿ ಅದರಲ್ಲಿ ಒಗೆಯಿರಿ. ಗಂಜಿ, ನೀಲಿ, ಇಸ್ತ್ರಿ ಮೂರೂ ಬೇಡ.

ಒಣಗಿಸುವಾಗ ಒಳಮೈ ಹೊರಗೆ ತಿರುಗಿಸಿ ನೆರಳಿನಲ್ಲಿ ಹಾಕಿ. ಬಿಸಿಲಿಗೆ ಹೆಗಲಿನಿಂದ ತೂಗುಹಾಕಿದ ಜಾಕೆಟ್ ಮೊದಲು ಮಾಸುವುದು ಹೆಗಲಲ್ಲೇ. ಮೇಲಿನಿಂದ ಬೀಳುವ ಬೆಳಕಿಗೆ ಮೊದಲೇ ಹೊಳೆಯುವ ಜಾಗ ಅದು. ಜಿಂಕೆಯ ಬೆನ್ನು ಗಾಢ, ಹೊಟ್ಟೆ ತಿಳಿ ಇರುವುದು ಆ ಹೊಳಪನ್ನೂ ಕೆಳಗಿನ ನೆರಳನ್ನೂ ಸರಿದೂಗಿಸಲು. ಹೆಗಲು ಮಾಸಿದ ಜಾಕೆಟ್ ಅದಕ್ಕೆ ತೀರಾ ಉಲ್ಟಾ. ಮಳೆಗಾಲಕ್ಕೆ ಎತ್ತಿಡುವಾಗ ಜೇಬು ಬಗ್ಗಿಸಿ ಹುಲ್ಲಿನ ಕಸ ಕೊಡವಿ, ಜಿಪ್ಪಿಗೆ ಮೇಣದ ಬತ್ತಿ ಉಜ್ಜಿ. ಹೊಲಿಗೆಯ ಮಡಿಕೆ ಕೈಗೆ ತಣ್ಣಗೆ ಹತ್ತಿದರೆ ಇನ್ನೂ ಪಸೆಯಿದೆ. ಹಾಗೇ ಪೆಟ್ಟಿಗೆಗೆ ಹಾಕಿದರೆ ಆಟಿ ಮುಗಿಯುವುದರೊಳಗೆ ಬೂಸಲು ಹಿಡಿದು ಅದರದೇ ಬಿಳಿ ಮಚ್ಚೆ ಮೂಡುತ್ತದೆ.